ಅತ್ತೆಯ ಹೆಬ್ಬೆರಳು

ಫೆಬ್ರವರಿ 11, ಬೆಳಗ್ಗೆ

ಮಗಳು ಬೊತಾಳ ಮಾತ್ರೆ ನೀರಿನಲ್ಲಿ ಕದಡಿದೆ. ಕರಗುವುದು ನಿಧಾನ. ತಿಂಗಳು ತಿಂಗಳು ಯಾರದೋ ರಕ್ತ ಹಾಕಿಸಿ ಲಿವರ್ ತುಂಬ ಕಬ್ಬಿಣ ಸೇರಿದೆ, ಅದನ್ನು ಇಳಿಸುವ ಮಾತ್ರೆ. ಮೂಗು ಹಿಡಿದು ಕುಡಿದಳು. "ಸೀಮೆಸುಣ್ಣ" ಅಂದಳು, ದಿನಾ ಅನ್ನುವ ಹಾಗೆ. ಅವಳ ಹೆಬ್ಬೆರಳು ಬೇರೆ ಬೆರಳುಗಳಂತೆ ಉದ್ದ, ಸಪೂರ. ಲೋಟ ಎರಡೂ ಕೈಯಲ್ಲೇ ಹಿಡಿಯಬೇಕು. ಆರು ವರ್ಷ ಅಂದರೆ ಯಾರೂ ನಂಬುವುದಿಲ್ಲ, ಅಷ್ಟು ಗಿಡ್ಡ.

ಕೆಂಪು ಕಣ ಹುಟ್ಟುವುದೇ ಇಲ್ಲ ಇವಳ ಮಜ್ಜೆಯಲ್ಲಿ. ಸ್ಟೀರಾಯ್ಡ್ ಎರಡು ವರ್ಷ ಕೈ ಹಿಡಿಯಿತು, ಆಮೇಲೆ ಬಿಟ್ಟಿತು.

ಡ್ಯೂಟಿ ಏಳಕ್ಕೆ. ಹೊರಟೆ.

ಫೆಬ್ರವರಿ 14, ಸ್ಟೇಷನ್, ತಾಷ್ಕೆಂಟ್ ಗಾಡಿ ಹೋದ ಮೇಲೆ

ಟಿಕೆಟ್ ಕೌಂಟರ್ ಖಾಲಿ. ಮೊನ್ನೆ ಕಿಜಿಲೊರ್ದಾ ಆಸ್ಪತ್ರೆಗೆ ಹೋಗಿ ಬಂದದ್ದು ಬರೆಯಲು ಈಗ ಪುರುಸೊತ್ತು.

ಜಿಬೆಕ್ ಡಾಕ್ಟರ್ ಹೊಸಬರು. ಕೂತ ತಕ್ಷಣ ಕೇಳಿದ್ದು — ಗಂಡ ಹೆಂಡತಿ ಮೊದಲೇ ಸಂಬಂಧಿಕರಾ? ನನ್ನ ಪಕ್ಕ ಕೂತಿದ್ದ ಇವರ ಮುಖ ಕೆಂಪಾಯಿತು. ಟ್ರ್ಯಾಕ್ಟರ್ ಓಡಿಸುವವರು, ಎರಡು ಮಾತಿಗಿಂತ ಹೆಚ್ಚು ಆಡದವರು, ತಮ್ಮ ಏಳು ತಲೆಯ ತಂದೆಯರ ಹೆಸರು ಒಂದೇ ಉಸಿರಿಗೆ ಒಪ್ಪಿಸಿದರು. ಮೇಲೆ ನನ್ನ ಕಡೆಯ ಏಳನ್ನೂ. ಎರಡೂ ಕಡೆಗೆ ಸೇರಿದ ಹಿರಿಯ ಒಬ್ಬ ಸಿಕ್ಕಿದ್ದರೂ ನಮ್ಮಲ್ಲಿ ಮದುವೆ ನಿಶ್ಚಯವೇ ಮುರಿಯುತ್ತಿತ್ತು.

ಡಾಕ್ಟರ್ ನಕ್ಕರು. ಪ್ರತಿ ಜೀನ್ ಎರಡೆರಡು ಪ್ರತಿ, ತಂದೆಯಿಂದ ಒಂದು, ತಾಯಿಯಿಂದ ಒಂದು. ಕೆಲವು ಕಾಯಿಲೆಗೆ ಎರಡೂ ಕೆಟ್ಟಿರಬೇಕು, ಏಳು ತಲೆಯ ಲೆಕ್ಕ ಕಾಯುವುದು ಅಂಥವಕ್ಕೆ. ಇದಕ್ಕೆ ಒಂದೇ ಕೆಟ್ಟರೆ ಸಾಕು. ಕಣದೊಳಗೆ ಪ್ರೋಟೀನ್ ಹೆಣೆಯುವ ಯಂತ್ರವಿದೆಯಂತೆ, ಅದರ ಒಂದು ಬಿಡಿಭಾಗ ಅರ್ಧಕ್ಕರ್ಧ ಕಡಿಮೆ. ಉಳಿದ ಕಣಗಳು ಹೇಗೋ ಸುಧಾರಿಸುತ್ತವೆ, ಕೆಂಪು ಕಣಕ್ಕೆ ಆಗುವುದಿಲ್ಲ. ಕೆಟ್ಟ ಪ್ರತಿ ತಂದೆಯದಿರಬಹುದು, ತಾಯಿಯದಿರಬಹುದು. ಯಾರದೂ ಅಲ್ಲದೆ ಮಗುವಿನಲ್ಲೇ ಹೊಸದಾಗಿ ಆಗಿರಬಹುದು. ಮೂವರ ರಕ್ತವನ್ನೂ ತೆಗೆದುಕೊಂಡರು.

ಮನೆಯಲ್ಲಿ ಅತ್ತೆ ಎಲ್ಲ ಕೇಳಿ, "ನಮ್ಮ ಕಡೆ ಏಳು ತಲೆ ಶುದ್ಧ" ಅಂದರು. ಉಳಿದದ್ದು ನಾನೇ ಅರ್ಥ ಮಾಡಿಕೊಳ್ಳಬೇಕು. ಬೊತಾ ಹುಟ್ಟಿದಾಗಿನಿಂದ ಮಾಡಿಕೊಳ್ಳುತ್ತಲೇ ಇದ್ದೇನೆ.

ಫೆಬ್ರವರಿ 15

ಒಂದು ಬಿಟ್ಟೆ. ದೊಡ್ಡದೇ ಬಿಟ್ಟೆ. ಡಾಕ್ಟರ್ ಹೇಳಿದರು, ಮಜ್ಜೆ ಕಸಿ ಮಾಡಿದರೆ ಗುಣವಾಗಬಹುದು. ಒಡಹುಟ್ಟಿದವರ ಮಜ್ಜೆ ಹೊಂದಿದರೆ ಎಲ್ಲಕ್ಕಿಂತ ಒಳ್ಳೆಯದು. ಅಣ್ಣ ತಮ್ಮ ಇದ್ದಾರಾ?

ನಾನು ಇವರ ಮುಖ ನೋಡಿದೆ. ಇವರು ಕಿಟಕಿ ನೋಡಿದರು.

ಇದ್ದಾನೆ. ಮೆದೆತ್, ಹದಿಮೂರು ವರ್ಷ. ಹೆತ್ತವಳು ನಾನು. ನಮ್ಮಲ್ಲಿ ಚೊಚ್ಚಲು ಅಜ್ಜ ಅಜ್ಜಿಯದು — ನಲವತ್ತು ದಿನ ತುಂಬಿದ ಮೇಲೆ ಅತ್ತೆಯ ಮಡಿಲಿಗೆ ಹಾಕಿದ್ದು. ಮಾವ ತೀರಿಕೊಂಡ ಮೇಲಂತೂ ಅತ್ತೆಗೆ ಅವನೇ ಪ್ರಪಂಚ. ಅವರನ್ನು ಅಮ್ಮ ಅನ್ನುತ್ತಾನೆ. ಇವರನ್ನು ಅಣ್ಣ. ನನ್ನನ್ನು ಅತ್ತಿಗೆ. ನನಗೆ ಅವನು ಮೈದುನ, ಮೈದುನನ ಹೆಸರು ಸೊಸೆ ಹೇಳಬಾರದು. 'ಚಿಕ್ಕ ಯಜಮಾನ್ರೇ, ಊಟಕ್ಕೆ ಬನ್ನಿ' ಅನ್ನುತ್ತೇನೆ. ಅವನು ನಗುತ್ತಾನೆ. ಇಲ್ಲಿ ಹೆಸರು ಬರೆಯಬಹುದು, ಯಾರೂ ಓದುವುದಿಲ್ಲ. ಮೆದೆತ್.

ಮಾರ್ಚ್ 9

ಮೆದೆತ್‌ನ ಕೆನ್ನೆಯೊಳಗೆ ಹತ್ತಿ ಸವರಿ ಕಳಿಸಿದ್ದರ ಫಲಿತಾಂಶ ಬಂತು. ಹೊಂದಿದೆ — ಪೂರ್ತಿ. ಎಂಜಲು ಕೊಡಲು ಅತ್ತೆ ತಕರಾರು ಮಾಡಿರಲಿಲ್ಲ. ಹಾಲು ಕುಡಿದಷ್ಟು ಸಂತೋಷ ನನಗೆ. ಬೊತಾ ಕೇಳಿದಳು, "ಅಣ್ಣನ ರಕ್ತ ಬಂದ್ರೆ ನಾನೂ ಗೋಲ್‌ಕೀಪರ್ ಆಗ್ತೀನಾ?"

ಮಾರ್ಚ್ 23

ನಿನ್ನೆ ನೌರಿಜ್, ಹೊಸ ವರ್ಷದ ಹಬ್ಬ. ನೆಂಟರು, ಬೌರ್ಸಕ್ ಹಿಟ್ಟಿನುಂಡೆ ಕರಿದದ್ದೇ ಕರಿದದ್ದು, ಸೊಂಟ ಬಿದ್ದುಹೋಯಿತು.

ಇವತ್ತು ಡಾಕ್ಟರ್ ಫೋನ್. "ಉಲ್ಜಾನ್, ಕೂತ್ಕೊಂಡಿದೀರಾ?" ಅಂದರು. ಕೆಟ್ಟ ಪ್ರತಿ ತಂದೆಯ ಕಡೆಯದು. ನನ್ನದಲ್ಲ.

ಖುಷಿಯಾಯಿತು. ಬರೆದುಬಿಡುತ್ತೇನೆ — ಖುಷಿಯಾಯಿತು. ಪಾತ್ರೆ ತೊಳೆಯುತ್ತ ಒಬ್ಬಳೇ ನಕ್ಕೆ. ಆರು ವರ್ಷ ಹೊತ್ತದ್ದು ಇಳಿಯಿತಲ್ಲ.

ಕುದುರೆಯಂತಿರುವ ಇವರಲ್ಲಿ ಹೇಗೆ ಅಂದರೆ, ಕೆಲವರಲ್ಲಿ ಸುಮ್ಮನೆ ಮಲಗಿರುತ್ತದಂತೆ. ಆಮೇಲೆ ಡಾಕ್ಟರ್ ಹೇಳಿದ ಇನ್ನೊಂದು ಮಾತು ತಲೆಗೆ ಇಳಿಯಿತು. ತಂದೆಯಲ್ಲಿ ಮಲಗಿದ್ದರೆ ಮೆದೆತ್‌ನಲ್ಲೂ ಮಲಗಿರಬಹುದು. ಇರಬಹುದು, ಇಲ್ಲದಿರಬಹುದು, ಅರ್ಧಕ್ಕರ್ಧ. ಇದ್ದರೆ ಅವನ ಮಜ್ಜೆ ಕೊಟ್ಟೂ ಪ್ರಯೋಜನವಿಲ್ಲ, ಅದೇ ಕಾಯಿಲೆಯನ್ನು ಮತ್ತೆ ಬಿತ್ತಿದಂತೆ. ಅವನ ಜೀನ್ ನೋಡಲೇಬೇಕು.

ನಗು ಅಲ್ಲಿಗೇ ನಿಂತಿತು.

ಮಾರ್ಚ್ 24

ಅತ್ತೆ ಒಪ್ಪಲಿಲ್ಲ.

"ಎಂಜಲು ಕೊಟ್ವಿ, ಆಯ್ತು. ಇನ್ನು ಅವನಲ್ಲೂ ಹುಳುಕಿದೆ ಅಂತ ಬರೆಸ್ಕೊಂಡ್ ಬರ್ಲಾ? ನಾಳೆ ಅವನಿಗೆ ಯಾರು ಹೆಣ್ಣು ಕೊಡ್ತಾರೆ?"

ಇವರು ಬಾಯಿ ತೆರೆದರು. "ನೀನು ಸುಮ್ನಿರು" ಅಂದರು ಅತ್ತೆ. ನಾನು ಚಹಾ ಬಗ್ಗಿಸಿದೆ. ಅತ್ತೆ ಬಟ್ಟಲು ತೆಗೆದುಕೊಳ್ಳುವಾಗ ಬಲಗೈ ಹೆಬ್ಬೆರಳು ಒಳಗೆ ಮಡಚಿಕೊಂಡರು. ಯಾವಾಗಲೂ ಹಾಗೇ. ಹುಡುಗಿಯಾಗಿದ್ದಾಗ ಕುದುರೆ ಹಗ್ಗಕ್ಕೆ ಸಿಕ್ಕಿ ಸೊಟ್ಟಾದದ್ದಂತೆ.

ಕೋಪ ಬಂತು. ಅಳುವೂ ಬಂತು. ಮೈದುನನ ಮೇಲೆ ಅತ್ತಿಗೆಗೆ ಯಾವ ಹಕ್ಕು.

ಏಪ್ರಿಲ್ 6

ಬೊತಾಳ ಫೆರಿಟಿನ್, ಮೈಯಲ್ಲಿ ಸೇರಿದ ಕಬ್ಬಿಣದ ಲೆಕ್ಕ, ಮತ್ತೆ ಏರಿದೆ. ಹೃದಯಕ್ಕೂ ಕಬ್ಬಿಣ ಹತ್ತುವ ಮುಂಚೆ ಕಸಿಯಾಗಬೇಕು ಅಂದರು ಡಾಕ್ಟರ್. ಮನೆಯಲ್ಲಿ ಹೇಳಿದೆ. ಅತ್ತೆ ಎದ್ದು ಹಸುವಿನ ಹತ್ತಿರ ಹೋದರು.

ಏಪ್ರಿಲ್ 18

ರಜೆ ಸಿಗಲಿಲ್ಲ. ಇವರದು ಗದ್ದೆ ಉಳುವ ಕಾಲ. ಬೊತಾಳಿಗೆ ರಕ್ತ ಹಾಕಿಸಲು ಅತ್ತೆಯನ್ನೇ ಕಳಿಸಿದೆ, ಮೊದಲ ಸಲ. ಕಳಿಸುವಾಗ ಮನಸ್ಸು ಅಳುಕುತ್ತಿತ್ತು.

ಸಂಜೆ ಗಾಡಿಗೆ ಬಂದರು. ಕೌಂಟರ್ ಗಾಜಿನಿಂದ ನೋಡಿದೆ, ಬೊತಾಳನ್ನು ಬೆನ್ನಿಗೆ ಹಾಕಿಕೊಂಡು ಪ್ಲಾಟ್‌ಫಾರಂ ದಾಟುತ್ತಿದ್ದರು. ಅರವತ್ತೆಂಟು ವಯಸ್ಸು.

ಊಟ ಬೇಡ ಅಂದರು. ಮಕ್ಕಳು ಮಲಗಿದ ಮೇಲೆ ಅಡುಗೆಮನೆಗೆ ಬಂದರು. ಬೊತಾ ನರ್ಸಿಗೆ ತಾನೇ ತೋಳು ಚಾಚಿ 'ಇದು ಬೇಡ, ಇದು ಗಟ್ಟಿಯಾಗಿದೆ, ಆ ನರ ತಗೊಳ್ಳಿ' ಅಂದಳಂತೆ. ಅಷ್ಟು ಹೇಳಿ ಬಲಗೈಯನ್ನು ಮೇಜಿನ ಮೇಲೆ ಬಿಡಿಸಿ ಇಟ್ಟರು. ದೀಪದ ಕೆಳಗೆ ಸರಿಯಾಗಿ ನೋಡಿದ್ದು ಇದೇ ಮೊದಲು. ಹೆಬ್ಬೆರಳು ಬೊತಾಳದರಂತೆಯೇ ಉದ್ದ, ಸಪೂರ, ಮೂರು ಗಿಣ್ಣು.

"ಹಗ್ಗಕ್ಕೆ ಸಿಕ್ಕಿದ್ದಲ್ಲ ಕಣಮ್ಮ. ಹುಟ್ಟಿದ್ದೇ ಹೀಗೆ. ನಿಮ್ಮ ಮಾವನಿಗೂ ಸುಳ್ಳೇ ಹೇಳಿದ್ದೆ. ನನ್ನ ಬೆನ್ನಿಗೆ ಒಬ್ಬ ತಮ್ಮ ಇದ್ದ. ಹಾಲಿನ ಬಣ್ಣ, ಮೈಯಲ್ಲಿ ರಕ್ತಾನೇ ಇಲ್ಲದ ಹಾಗೆ. ನಡಿಯೋಕೆ ಮುಂಚೆ ಹೋದ. ಯಾರ ಹತ್ರಾನೂ ಹೇಳ್ಬೇಡ ಅಂದಿದ್ರು ನಮ್ಮಮ್ಮ, ಮದುವೆ ಆಗಲ್ಲ ಅಂತ."

ಏಳು ತಲೆಯ ತಂದೆಯರನ್ನು ಎಣಿಸಿದ್ದೇ ಎಣಿಸಿದ್ದು, ಒಬ್ಬ ತಾಯಿಯನ್ನೂ ಯಾರೂ ಕೇಳಿರಲಿಲ್ಲ. ಆರು ವರ್ಷದ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಚಹಾ ಬಿಸಿ ಮಾಡಿ ಕೊಟ್ಟೆ. ಬೆರಳು ಮಡಚದೆ ಕುಡಿದರು.

ಬಟ್ಟಲು ಕೆಳಗಿಟ್ಟು, "ಹುಡುಗನ ರಕ್ತ ಕೊಡ್ಸು" ಅಂದರು.

ಏಪ್ರಿಲ್ 21

ಕೊಟ್ಟ. ಅವನನ್ನು ಕೂರಿಸಿ ಎಲ್ಲ ಹೇಳಿದ್ದು ಅತ್ತೆಯೇ, ಬೆರಳು ತೋರಿಸಿ. "ನಂಗೆ ಬಂದಿದ್ರೆ ಅದು ನಿನ್ನಿಂದಾನಾ ಅಮ್ಮ?" ಅಂದನಂತೆ. "ಹೌದು." "ಸರಿ ಬಿಡು, ಮೂಗೂ ನಿಂದೇ ಅಂತಾರೆ" ಅಂದನಂತೆ.

ಮೇ 2, ಫಲಿತಾಂಶ ಕಾಯುತ್ತ

ಇಲ್ಲ.

ಮೇ 11

ಇನ್ನೂ ಇಲ್ಲ. ಫೋನ್ ಮಾಡಿದರೆ ಬರೀ ಲೈನ್ ಬ್ಯುಸಿ. ಅತ್ತೆ ನಮಾಜು ಮುಗಿದ ಮೇಲೂ ಚಾಪೆ ಬಿಟ್ಟು ಏಳುವುದಿಲ್ಲ.

ಮೇ 16, ಸ್ಟೇಷನ್

ಮೆದೆತ್‌ನಲ್ಲಿ ಇಲ್ಲ. ಎರಡೂ ಪ್ರತಿ ಚೆನ್ನಾಗಿವೆ.

ಅಲ್ಮಾಟಿ ಟಿಕೆಟ್ ಕೇಳಿದವರಿಗೆ ಅಕ್ತೊಬೆಯದು ಕೊಟ್ಟೆ. ಬೈದರು. ಬೈಸಿಕೊಂಡೆ.

ಜೂನ್ 19, ಅಸ್ತಾನಾ

ಆಸ್ಪತ್ರೆ. ಬೊತಾಳ ಹಳೆಯ ಮಜ್ಜೆ ಸುಡುವ ಔಷಧಿ ಮುಗಿಯಿತು. ಬಾಯೆಲ್ಲ ಹುಣ್ಣು. ಕೂದಲು ದಿಂಬಿನ ಮೇಲೆ. ಮುಚ್ಚಿದ ಕೋಣೆ, ಜೊತೆಗೆ ಒಬ್ಬರೇ ಇರಬೇಕು, ನಾನಿದ್ದೇನೆ. ಇನ್ನು ಹಿಂದೆ ಹೋಗುವ ದಾರಿ ಇಲ್ಲ. ಹೆದರಿಕೆಯಾಗುತ್ತದೆ.

ಜೂನ್ 20, ಮಧ್ಯಾಹ್ನ

ಬೆಳಗ್ಗೆ ಮೆದೆತ್‌ನನ್ನು ಒಳಗೆ ಕರೆದೊಯ್ಯುವ ಮುಂಚೆ ಅತ್ತೆಯ ಜೊತೆ ನನ್ನನ್ನೂ ಸಹಿಗೆ ಕರೆಸಿದ್ದರು. ನರ್ಸ್ ಬಂದು "ಹುಡುಗನ ತಾಯಿ ಯಾರು?" ಅಂದಳು. ಇಬ್ಬರೂ ಎದ್ದೆವು. ನಾನು ಕೂತೆ. ಅತ್ತೆ ನಿಂತೇ ಇದ್ದರು. ಆಮೇಲೆ ನರ್ಸಿಗೆ, "ನನಗೆ ಆ ಮಾಸ್ಕು ಗೌನು ಹಾಕಮ್ಮ, ಮೊಮ್ಮಗಳ ಹತ್ರ ಇವತ್ತು ನಾನಿರ್ತೀನಿ" ಅಂದರು. ನನ್ನ ಕಡೆ ತಿರುಗದೆಯೇ ಹೇಳಿದರು —

"ನೀನು ಹೋಗಿ ನಿನ್ನ ಮಗನ ಹತ್ರ ಕೂತ್ಕೋ."

ಕೂತಿದ್ದೇನೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದಾಯಿತು. ಚೀಲ ಈಗ ಬೊತಾಳ ಕೋಣೆಯಲ್ಲಿ, ಹನಿ ಹನಿ ಇಳಿಯುತ್ತಿದೆಯಂತೆ. ಇವನಿಗೆ ಇನ್ನೂ ಮಂಪರು. ಕಾಯಿಲೆ ಬಿದ್ದಾಗ ಇವನ ಪಕ್ಕ ಕೂತವಳಲ್ಲ ನಾನು, ಆ ಜಾಗ ಅತ್ತೆಯದು. ಬಾಯಿ ತೆರೆದು ಮಲಗುತ್ತಾನೆ ಅಂತ ಗೊತ್ತೇ ಇರಲಿಲ್ಲ. ಹಣೆ ಮುಟ್ಟಿದೆ. ಯಾರೂ ಇಲ್ಲ, ಹೆಸರು ಹಿಡಿದು ಕರೆದೆ. ಎರಡು ಸಲ.

ರೆಪ್ಪೆ ಅಲುಗಿತು. ನನ್ನ ನೋಡಿದ.

"ಅತ್ತಿಗೆ, ನೀರು" ಅಂದ.

ಈಗಲೇ ಕುಡಿಸಬಾರದು, ಒದ್ದೆ ಬಟ್ಟೆ ತುಟಿಗೆ ಒತ್ತಿ ಅಂದಿದ್ದಾರೆ. ಬಟ್ಟೆ ಎಲ್ಲಿಟ್ಟೆ, ಇಲ್ಲೇ ಕಿಟಕಿ ಹತ್ತಿರ —