ಹಳದಿ ಚೀಟಿಯ ಗಂಡು ನೊಣಗಳು

ಪ್ರಯೋಗಾಲಯದ ನೊಣಗಳ ಕೋಣೆ,
ಮಂಗಳವಾರ, ಊಟದ ಬಿಡುವು

ರೀ,

ಹೇಗಿದ್ದೀರಿ? ನೋವು ಹೆಚ್ಚಾಗಿದೆಯೇ? ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಬೇಡಿ. ಅತ್ತಿಗೆಗೆ ಫೋನ್ ಮಾಡಿದ್ದೆ. "ಊಟ ಬಾಗಿಲ ಹತ್ರ ಇಟ್ರೆ ತಗೋತಾನೆ, ಆಮೇಲೆ ತಟ್ಟೆ ಹೊರಗಿಡ್ತಾನೆ, ಅಷ್ಟೇ. ಮಾತಿಲ್ಲ ಕತೆಯಿಲ್ಲ" ಎಂದರು. ಅಕ್ಕನ ಮನೆಗೆ ಓಡಿಹೋಗಿ ಚಿಲಕ ಹಾಕಿಕೊಂಡು ಮುಖ ಊದಿಸಿಕೊಂಡು ಕೂರಲು ನೀವೇನು ಎಳೆ ಮಗುವೇ? ಊರಿನವರ ಬೀಗವನ್ನೆಲ್ಲ ತೆಗೆದುಕೊಡುವವರು ನೀವು. ಅಂಗಡಿ ಮುಚ್ಚಿರುವುದರಿಂದ ಜನ ಮನೆಗೇ ಬರುತ್ತಿದ್ದಾರೆ. ನಿನ್ನೆ ಸಂಜೆ ಒಬ್ಬ ಅಜ್ಜಿ ಬೀರುವಿನ ಕೀಲಿ ಕಳೆದುಕೊಂಡು ಬಂದು, ನೀವು ಬರುವ ತನಕ ಏಳುವುದಿಲ್ಲವೆಂದು ಮೆಟ್ಟಿಲ ಮೇಲೆ ಕೂತೇಬಿಟ್ಟರು. ಅವರ ಪಕ್ಕ ನಾನೂ ಕೂತೆ. ಇನ್ನೇನು ಮಾಡಲಿ?

ಡಾಕ್ಟರ್ ಹೇಳಿದ್ದನ್ನು ನೀವೂ ಕೇಳಿದ್ದೀರಿ. "ಗಡ್ಡೆ ಇನ್ನೂ ಆ ಒಂದು ಬೀಜದಲ್ಲೇ ಇದೆ. ಈಗ ತೆಗೆದ್ರೆ ಗುಣ ಆಗುತ್ತೆ. ಹರಡೋಕೆ ಬಿಟ್ರೆ ನಾನು ಏನೂ ಹೇಳೋಕಾಗಲ್ಲ" ಎಂದರು. ಗುರುವಾರ ಬೆಳಿಗ್ಗೆ ಆಪರೇಷನ್ ಅಂತ ನಿಗದಿಯೂ ಆಯಿತು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನೀವು ಕೇಳಿದಿರಿ: "ಅದನ್ನ ತೆಗೆಸ್ಕೊಂಡ ಮೇಲೆ ನಾನು ಗಂಡಸಾ?" ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನನ್ನ ಮೌನವನ್ನೇ ಉತ್ತರವೆಂದುಕೊಂಡು ನೀವು ಮರುದಿನ ಚೀಲ ಹಿಡಿದು ಹೊರಟುಬಿಟ್ಟಿರಿ. ಅಂದಿನಿಂದ ನೊಣಗಳಿಗೆ ಗಂಜಿ ಕಾಯಿಸಲು ಹೋಗಿ ಎರಡು ಸಲ ತಳ ಹಿಡಿಸಿದ್ದೇನೆ.

ಈಗ ಆ ಉತ್ತರ ಬರೆಯುತ್ತೇನೆ. ನಗಬೇಡಿ. ನಕ್ಕರೂ ಪರವಾಗಿಲ್ಲ, ಓದಿ.

ನಮ್ಮ ಮೇಡಂ ಈ ಸಲ ಎರಡು ಬಗೆಯ ಗಂಡು ಹಣ್ಣಿನ ನೊಣಗಳನ್ನು ಬೆಳೆಸಿದ್ದಾರೆ. ಹಳದಿ ಚೀಟಿಯ ಸೀಸೆಗಳಲ್ಲಿರುವವಕ್ಕೆ ಬೀಜವೆಂದರೆ ಬರೀ ಖಾಲಿ ಚೀಲ. ಹಸಿರು ಚೀಟಿಯವಕ್ಕೆ ಬೀಜವೆಲ್ಲ ಸರಿಯಾಗಿದೆ, ಮೈಯೊಳಗಿನ ಕೊಬ್ಬನ್ನು ಮಾತ್ರ ಹೆಣ್ಣಿನ ಕೊಬ್ಬಾಗಿ ಮಾಡಿದ್ದಾರೆ. ಇವುಗಳ ಜೊತೆಗೆ ಹೆಣ್ಣು ನೊಣ ಬಿಟ್ಟು, ಯಾವ ಗಂಡು ಬೆನ್ನು ಹತ್ತುತ್ತದೆಂದು ನೋಡುವುದು ನನ್ನ ಕೆಲಸ. ಗಂಡು ನೊಣ ಹೆಣ್ಣಿನ ಹಿಂದೆ ಹಿಂದೆಯೇ ಸುತ್ತುತ್ತದೆ, ಮುಂಗಾಲಿನಿಂದ ಮೆಲ್ಲಗೆ ತಟ್ಟುತ್ತದೆ, ಒಂದೇ ರೆಕ್ಕೆ ಚಾಚಿ ನಡುಗಿಸಿ ಹಾಡುತ್ತದೆ. ಮದುವೆಯ ಹೊಸತರಲ್ಲಿ ಅಡುಗೆಮನೆ ಬಾಗಿಲಿಗೆ ಒರಗಿ ಸಿಳ್ಳೆ ಹಾಕುತ್ತಿದ್ದಿರಲ್ಲ, ಹಾಗೆಯೇ.

ನಿನ್ನೆ ಬೆಳಿಗ್ಗೆ ಇಲ್ಲಿ ನೋಡುತ್ತೇನೆ, ಹಸಿರು ಚೀಟಿಯವು ಹೆಣ್ಣು ಎದುರಿಗಿದ್ದರೂ ಮೂಲೆ ಹಿಡಿದು ಕೂತಿವೆ. ಹಳದಿಯವೋ, ಹೆಣ್ಣಿಗೆ ಉಸಿರಾಡಲೂ ಬಿಡದೆ ಹಾಡುತ್ತಿವೆ! ಯಾರೋ ಚೀಟಿ ಅದಲುಬದಲು ಮಾಡಿದ್ದಾರೆಂದುಕೊಂಡೆ. ಬೀಜವಿಲ್ಲದ್ದು ಹಾಡುವುದುಂಟೇ? ಯಾರನ್ನೂ ಕೇಳದೆ ಅಷ್ಟೂ ಸೀಸೆಗಳ ಚೀಟಿ ಕಿತ್ತು, ಹಸಿರಿನ ಜಾಗಕ್ಕೆ ಹಳದಿ, ಹಳದಿಯ ಜಾಗಕ್ಕೆ ಹಸಿರು ಅಂಟಿಸಿದೆ. ದೊಡ್ಡ ಉಪಕಾರ ಮಾಡಿದವಳಂತೆ ಹೋಗಿ ಮೇಡಂಗೂ ಹೇಳಿದೆ. ಅವರು ಓಡಿ ಬಂದು ಪ್ರತಿ ಸೀಸೆಯಿಂದ ಒಂದೊಂದು ನೊಣ ತೆಗೆದು, ಮೈಕ್ರೋಸ್ಕೋಪಿನ ಕೆಳಗೆ ಹೊಟ್ಟೆ ಬಿಡಿಸಿ, ನನ್ನನ್ನು ಕರೆದು ತೋರಿಸಿದರು. ಮೂಲೆಯಲ್ಲಿ ಕೂತಿದ್ದ ನೊಣದ ಬೀಜ ತುಂಬಿಕೊಂಡಿತ್ತು. ಹಾಡುತ್ತಿದ್ದ ನೊಣದ್ದು ಖಾಲಿ. ಮೊದಲಿನ ಚೀಟಿಯೇ ಸರಿಯಾಗಿತ್ತು.

"ಗಂಡುತನ ಒಂದೇ ಕಡೆ ಗಂಟು ಕಟ್ಟಿ ಇಟ್ಟಿರುತ್ತೆ ಅಂದ್ಕೊಂಡ್ರಾ? ಮಿದುಳಲ್ಲಿದೆ, ಚರ್ಮದಲ್ಲಿದೆ, ಕೊಬ್ಬಲ್ಲೂ ಇದೆ. ಅದಕ್ಕೇ ಅಲ್ವಾ ಇಷ್ಟೆಲ್ಲ ಒದ್ದಾಡ್ತಿರೋದು" ಎಂದು ಬೈದರು. ಆ ಸೀಸೆಗಳ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಬೇಕು. ಬೈಸಿಕೊಂಡು ಹೊರಗೆ ಬಂದು ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತು ಅತ್ತೆ. ಬೈದರೆಂದಲ್ಲ. ನೀವು ನಿಮ್ಮ ಬಗ್ಗೆ ಏನೆಂದುಕೊಂಡಿದ್ದೀರೋ, ಅದನ್ನೇ ನಾನೂ ನೊಣದ ಬಗ್ಗೆ ಅಂದುಕೊಂಡಿದ್ದೆನಲ್ಲ ಎಂದು.

ಮನುಷ್ಯರು ನೊಣವಲ್ಲ, ನನಗೂ ಗೊತ್ತು. ಇನ್ನೊಂದು ಬೀಜ ಹಾಗೇ ಇರುತ್ತದೆ, ಅದೇ ಸಾಕು ಎಂದು ಡಾಕ್ಟರೂ ಹೇಳಿದರು, ಅದು ನಿಮ್ಮ ಕಿವಿಗೆ ಬೀಳಲೇ ಇಲ್ಲ. ಅದೂ ಇಲ್ಲದಿದ್ದರೂ ನನಗೆ ನೀವೇ ಬೇಕು. ನಿಮ್ಮ ಬೆವರಿನ ವಾಸನೆ ಬೇಕು, ಉಪ್ಪು ಕಡಿಮೆಯೆಂದು ಗೊಣಗುವುದು ಬೇಕು, ಬೀಗದ ಎಣ್ಣೆ ಮೆತ್ತಿದ ಕೈಯಲ್ಲಿ ನನ್ನ ಟವೆಲು ಹಾಳುಮಾಡುವುದೂ ಬೇಕು. ಸತ್ತ ಗಂಡಸನ್ನು ಕಟ್ಟಿಕೊಂಡು ನಾನೇನು ಮಾಡಲಿ? ಭಯವಾಗುತ್ತಿದೆ ರೀ. ನಿಮ್ಮ ಮೇಲೆ ಕೋಪವೂ ಬರುತ್ತಿದೆ. ಎರಡನ್ನೂ ಒಬ್ಬಳೇ ಹೊತ್ತುಕೊಂಡು ಎಷ್ಟು ದಿನ ತಿರುಗಲಿ?

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಅದಕ್ಕಾದರೂ ಅವರ ಹತ್ತಿರ ಬಾಯಿ ಬಿಟ್ಟಂತಾಗುತ್ತದೆ.

ನಿಮ್ಮದೇ ದಾರಿ ನೋಡುತ್ತಿರುವ,
ನಿಮ್ಮ ಮನೆಯವಳು

ಮರೆತದ್ದು: ಈಗ ಬುಧವಾರ ಸಂಜೆ. ಇದನ್ನು ಅಂಚೆಗೆ ಹಾಕಿದರೆ ಗುರುವಾರ ದಾಟಿಹೋಗುತ್ತದೆಂದು ನಾನೇ ತಂದಿದ್ದೇನೆ. ಅತ್ತಿಗೆ ಒಳಗೆ ಬಿಟ್ಟರು. ನಿಮ್ಮ ಕೋಣೆಯ ಹೊರಗೆ ನೆಲದ ಮೇಲೆ ಕೂತು ಈ ಸಾಲು ಗೀಚುತ್ತಿದ್ದೇನೆ, ಬಾಗಿಲ ಸಂದಿಯಿಂದ ಒಳಗೆ ತೂರುತ್ತೇನೆ. ಆಸ್ಪತ್ರೆಗೆ ಹೋಗಲು ಕಾರು ಬೀದಿಯಲ್ಲೇ ಕಾಯುತ್ತಿದೆ. ನೀವು ಮಗ್ಗುಲು ಬದಲಿಸಿದ್ದು, ನರಳಿದ್ದು ಎಲ್ಲ ನನಗೆ ಕೇಳಿಸುತ್ತಿದೆ. ಮಾತಾಡಬೇಡಿ, ಏನೂ ಹೇಳಬೇಡಿ. ಎದ್ದು ಬಂದು ಚಿಲಕ ತೆಗೆಯಿರಿ.