ಬಾಯಿಪಾಠದ ಕಣ್ಣು

ಜನವರಿ ೨೧, ಮಂಗಳವಾರ ಮಧ್ಯಾಹ್ನ

ಚಿರಂಜೀವಿ ಗುಬ್ಬಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದ್ದಕ್ಕೆ ಕಿವಿ ಹಿಂಡುವುದಿದ್ದರೆ ಬಲಗಿವಿ ಹಿಂಡು, ಎಡಗಿವಿಯನ್ನು ನಿನ್ನ ಅತ್ತೆ ಆಗಲೇ ಹಿಂಡಿಟ್ಟಿದ್ದಾಳೆ. ನಾನು ಕ್ಷೇಮ. ಅವಳು ಮುಕ್ಕಾಲು ಕ್ಷೇಮ. ಉಳಿದ ಕಾಲಿಗೆ ಪ್ಲಾಸ್ಟರು ಬಿದ್ದಿದೆ. ಸಮುದ್ರದ ಊರಿಗೆ ಹೋಗಿದ್ದೆವಲ್ಲ, ಅಲ್ಲಿ ತಂಗಿದ್ದ ಮನೆಯ ಮೆಟ್ಟಿಲಲ್ಲಿ ಜಾರಿದಳೆಂದು ಅವಳೇ ನಿನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದಾಳೆ. ಅಕ್ಷರ ದಪ್ಪಗಿದೆ ಎಂದು ನಗಬೇಡ, ಪಾರ್ಸೆಲ್ ಮೇಲೆ ವಿಳಾಸ ಬರೆಯುವ ಪೆನ್ನೊಂದೇ ಕೈಗೆ ಸಿಕ್ಕಿತು.

ಮೊದಲು ಒಂದು ತಪ್ಪೊಪ್ಪಿಗೆ. ಹೋದ ತಿಂಗಳು ನಿನ್ನ ಕಣ್ಣಿನ ಆಸ್ಪತ್ರೆಗೆ ಬಂದು, ಗೋಡೆಯ ಮೇಲಿನ ಅಕ್ಷರದ ಪಟವನ್ನು ಕೊನೆಯ ಸಾಲಿನವರೆಗೂ ಪಟಪಟನೆ ಓದಿದೆನಲ್ಲ? "ಮಾವ, ನಿಮ್ಮದು ಹದ್ದಿನ ಕಣ್ಣು!" ಎಂದು ನೀನು ಸರ್ಟಿಫಿಕೇಟಿಗೆ ಸೀಲು ಒತ್ತಿದೆ. ಡಾಕ್ಟರಮ್ಮ, ನಾನು ಓದಲೇ ಇಲ್ಲ. ಬಾಗಿಲ ಹೊರಗಿನ ಬೆಂಚಿನಲ್ಲಿ ಒಂದು ಗಂಟೆ ಕೂತು, ನನಗಿಂತ ಮುಂಚೆ ಹೋದ ಆರು ಜನ ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡೆ! ನಾಲ್ಕನೇ ಕ್ಲಾಸಿನಲ್ಲಿ ಇಪ್ಪತ್ತರ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸಿ ಮೇಷ್ಟರಿಂದ ಹೊಸ ಸ್ಲೇಟು ಗಿಟ್ಟಿಸಿದ ತಲೆ ಇದು. ನಿನ್ನ ಎಂಟು ಸಾಲು ಯಾವ ಮಹಾ! ಮೂವತ್ತು ವರ್ಷ ಲಾರಿ ಓಡಿಸಿದವನು ಮನೆಯಲ್ಲಿ ನೊಣ ಹೊಡೆಯುತ್ತ ಕೂರುವುದು ಹೇಗೆ? ಬರುವ ಒಂದನೇ ತಾರೀಖಿನಿಂದ ಶಾಲೆ ಮಕ್ಕಳ ವ್ಯಾನು ಓಡಿಸುವ ಕೆಲಸ ಗಟ್ಟಿಯಾಗಿತ್ತು. ಅದಕ್ಕೆ ನಿನ್ನ ಸೀಲು ಬೇಕಿತ್ತು.

ಎಲ್ಲರೂ ನಂಬಿದರು, ನಿನ್ನ ಅತ್ತೆ ನಂಬಲಿಲ್ಲ. "ಕೆಲಸಕ್ಕೆ ಸೇರೋ ಮುಂಚೆ ಎರಡು ದಿನ ಸಮುದ್ರ ನೋಡ್ಕೊಂಡು ಬರೋಣ ರೀ. ನೀವೇ ಕಾರು ಓಡಿಸಿ," ಎಂದಳು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಬಾಯಿಬಿಟ್ಟು ಏನನ್ನೂ ಕೇಳದವಳು. ನಾನು ಉಬ್ಬಿಹೋದೆ. ಅದು ಪರೀಕ್ಷೆ ಎಂದು ತಿಳಿದದ್ದು ದಾರಿಯಲ್ಲಿ. ಡ್ಯಾಶ್‌ಬೋರ್ಡನ್ನು ಹಿಡಿದಿದ್ದ ಅವಳ ಕೈಯನ್ನೇ ನೋಡುತ್ತಾ ಓಡಿಸಿದೆ. ಕೈ ಬಿಗಿಯಾದರೆ ಬ್ರೇಕು, ಸಡಿಲಾದರೆ ಆಕ್ಸಿಲರೇಟರು. ಹೇಗಿದೆ ನಿನ್ನ ಮಾವನ ಉಪಾಯ?

ಸಂಕ್ರಾಂತಿ ರಜೆ ಮುಗಿದು ಆ ಊರಿನ ಅರ್ಧ ಅಂಗಡಿಗಳಿಗೆ ಬೀಗ. ಹೋಟೆಲಿನಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಅಷ್ಟುದ್ದದ ಮರಳಿಗೆ ನಾವಿಬ್ಬರು, ಒಂದು ನಾಯಿ. ಮಧ್ಯಾಹ್ನ ಅವಳು ಮಲಗಿದಾಗ ನಾನು ಒಬ್ಬನೇ ಹೊರಟು, ಟೀ ಅಂಗಡಿಯಾಕೆಯನ್ನು ಮಾತಿಗೆಳೆದು, ಬೀದಿಯಲ್ಲಿ ಎಲ್ಲೆಲ್ಲಿ ಯಾವ ಬೋರ್ಡಿದೆ ಎಂದು ಸಾಲಾಗಿ ಕೇಳಿಕೊಂಡು ಬಂದೆ. ಸಂಜೆ ಅವಳ ಜೊತೆ ನಡೆಯುತ್ತಾ ಮೇಷ್ಟರ ಮುಂದೆ ನಿಂತವನಂತೆ ಒಪ್ಪಿಸಿದೆ: "ಔಷಧದ ಅಂಗಡಿ. ಬಲೆ ರಿಪೇರಿ. ಅಗೋ, ದೋಣಿ ಬಾಡಿಗೆಗೆ ಸಿಗುತ್ತದೆ."

"ಆ ದೋಣಿ ಬೋರ್ಡು ಯಾವ ಬಣ್ಣ ರೀ?"

"ನೀಲಿ," ಎಂದೆ, ಧೈರ್ಯವಾಗಿ.

ಅವಳು ನಿಂತುಬಿಟ್ಟಳು. "ಅದನ್ನ ಈಗಷ್ಟೇ ಇಳಿಸಿ ಒಳಗೆ ತಗೊಂಡು ಹೋದ್ರು. ಅಲ್ಲಿರೋದು ಬರೀ ಗೋಡೆ."

"ಹಾಗಾದ್ರೆ ಗೋಡೆ ನೀಲಿ ಕಣೆ."

ಅವಳು ನಗಲಿಲ್ಲ. "ಹದಿನಾಲ್ಕು ಮಕ್ಕಳು ಕಣ್ರೀ ಆ ವ್ಯಾನಲ್ಲಿ," ಎಂದಳು, ಅಷ್ಟೇ.

ನನಗೆ ರೇಗಿತು. "ಡಾಕ್ಟರೇ ಸೀಲು ಹೊಡೆದ ಮೇಲೆ ನಿಂದೇನು ಕಿರಿಕಿರಿ?" ಎಂದು ಬೀದಿಯಲ್ಲೇ ಕೂಗಾಡಿದೆ. ರಾತ್ರಿ ಊಟಕ್ಕೆ ಕೂತಾಗ ಅವಳು ತಟ್ಟೆ ಸರಿಸಿ ಅಂಗೈ ಚಾಚಿದಳು: "ಕೀ ಕೊಡಿ. ನಾಳೆ ಬಸ್ಸಲ್ಲಿ ಹೋಗೋಣ." ನಾನು ಕೀಯನ್ನು ಜೇಬಿಗೆ ಹಾಕಿ ಮೇಲೆ ಗುಂಡಿ ಹಾಕಿಕೊಂಡೆ. ಚಾಚಿದ ಕೈಯನ್ನು ಅವಳು ತುಂಬ ಹೊತ್ತು ಹಿಂದಕ್ಕೆ ತೆಗೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಡುವಾಗಲೇ ಅವಳ ಕಾಲು ಮುರಿದದ್ದು. ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆವು. ಆರು ವಾರ ನೆಲಕ್ಕೆ ಕಾಲೂರಬಾರದಂತೆ. ಈಗ ಅಡುಗೆ ನನ್ನದು. ನಿನ್ನೆ ಅನ್ನ ತಳ ಹಿಡಿದಿತ್ತು. ಹೊಸ ಪಾಕ ಎಂದು ಬಡಿಸಿದೆ. ಸುಮ್ಮನೆ ತಿಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕೈಗುಣ ಬೆಳೆಯಲಿ, ನಿನ್ನ ಬಾಗಿಲಿಗೆ ಬಂದವರೆಲ್ಲ ಬೆಳಕು ಕಂಡು ಹೋಗಲಿ.

ಇಂತಿ,
ನಿನ್ನ ಹದ್ದಿನ ಕಣ್ಣಿನ ಮಾವ

ತಾ.ಕ.: ಗುಬ್ಬಿ, ಆ ಮನೆಗೆ ಮೆಟ್ಟಿಲೇ ಇರಲಿಲ್ಲ.

ಬೆಳಿಗ್ಗೆಯೂ ನಾನು ಕೀ ಕೊಡದಿದ್ದಾಗ, "ಕಡೇಪಕ್ಷ ಹಿಂದೆ ನಿಂತು ದಾರಿ ತೋರಿಸ್ತೀನಿ," ಎಂದು ಕಾರಿನಿಂದ ಇಳಿದಳು. ಬಿಸಿಲು ಚೆನ್ನಾಗಿತ್ತು. ಕಾರು ಹಿಂದಕ್ಕೆ ತೆಗೆಯುವಾಗ ಕನ್ನಡಿಯಲ್ಲಿ ಕೆಂಪಗೆ ಏನೋ ಕಂಡಿತು. ಅಂಚೆ ಡಬ್ಬಿ ಇರಬೇಕು, ಇನ್ನೂ ದೂರವಿದೆ ಎಂದುಕೊಂಡೆ. ಅದು ಅವಳು ಹೊದ್ದಿದ್ದ ಶಾಲು. ನೆಲದ ಮೇಲೆ ಬಿದ್ದಲ್ಲಿಂದಲೇ ನನ್ನ ಕೈ ಹಿಡಿದು ಹೇಳಿದಳು: "ಮನೇಲಿ ಯಾರು ಕೇಳಿದ್ರೂ ಮೆಟ್ಟಿಲಲ್ಲಿ ಜಾರಿದೆ ಅಂತೀನಿ. ನೀವು ಸುಮ್ಮನಿರಿ."

ಎರಡು ದಿನ ಸುಮ್ಮನಿದ್ದೆ. ಆಗುತ್ತಿಲ್ಲ. ನಿನ್ನ ಸೀಲಿನ ಕಾಗದ ಇದರ ಜೊತೆಗಿದೆ, ಹರಿದು ಹಾಕು. ಶಾಲೆಗೆ ನೀನೇ ಬರೆದು ತಿಳಿಸು. ನಾನು ಬರೆದರೆ ಮತ್ತೆ ಜಂಭ ಕೊಚ್ಚಿಬಿಟ್ಟೇನು. ಬಿಡುವಾದ ದಿನ ಹೇಳು, ಬರುತ್ತೇನೆ. ಈ ಸಲ ನನ್ನನ್ನು ಬೆಂಚಿನಲ್ಲಿ ಕೂರಿಸಬೇಡ. ಎಲ್ಲರಿಗಿಂತ ಮೊದಲು ಕರೆ.