ಕಾಯುವ ಊರು

ಲುಂಡ್, ಶುಕ್ರವಾರ

ಭಾವ,

ಇವತ್ತು ಚರ್ಚಿನಿಂದ ಆರ್ಗನ್ ಕೇಳಿಸ್ತು. ಫ್ರೀ ಕನ್ಸರ್ಟ್ ಇರಬೇಕು ಅಂತ ಸೈಕಲ್ ನಿಲ್ಲಿಸಿ ಒಳಗೆ ಹೋಗಿ ಕೂತೆ. ನೋಡಿದರೆ ಮುಂದೆ ಹೂವಿಟ್ಟ ಶವಪೆಟ್ಟಿಗೆ! ಎದ್ದು ಬರೋಕೂ ಆಗಲಿಲ್ಲ. ಮುಗಿದ ಮೇಲೆ ಸತ್ತವರ ಅಕ್ಕ, ಒಬ್ಬರು ಅಜ್ಜಿ, ನನ್ನನ್ನೂ ಕಾಫಿಗೆ ಕೂರಿಸಿದರು. "ತಮ್ಮ ಹೋಗಿ ಮೂರು ವಾರ ಆಯ್ತು. ಅವನ ಮಗಳು ಆಸ್ಟ್ರೇಲಿಯಾದಿಂದ ಬರಲಿ ಅಂತ ಕಾದೆವು" ಅಂದರು. ನುಡಿಸಿದ್ದು ಬಾಖ್ ಅನ್ನೋ ಹಳೇ ಜರ್ಮನ್ ಸಂಗೀತಗಾರನದಂತೆ. ಅವನು ದೊರೆಯ ಜೊತೆ ಪರಊರಿಗೆ ಹೋಗಿ ವಾಪಸ್ ಬರೋಷ್ಟರಲ್ಲಿ ಹೆಂಡತಿ ಸತ್ತು, ಮಣ್ಣೂ ಮಾಡಿ ಆಗಿತ್ತಂತೆ. ಅದನ್ನ ಕೇಳಿ ನಾನು ಆ ಮನೆಯವರೆಲ್ಲ ತಿರುಗಿ ನೋಡೋ ಹಾಗೆ ಅತ್ತುಬಿಟ್ಟೆ.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಈ ಚಳಿಗೆ ಶೀತ ಆಗಿದೆ, ಬೇರೇನಿಲ್ಲ. ನೀವು ಬಿಪಿ ಮಾತ್ರೆ ತಪ್ಪಿಸಬೇಡಿ.

ಕಾರ್ಡಲ್ಲಿ ಜಾಗ ಮುಗೀತಾ ಬಂತು, ಕೇಳೇಬಿಡ್ತೀನಿ. ಆವತ್ತು ಹೊತ್ತು ಮುಳುಗೋದರೊಳಗೆ ನಮ್ಮಕ್ಕನ್ನ ಎತ್ತಲೇಬೇಕು ಅಂತ ಹಟ ಹಿಡಿದವರು ಯಾರು ಭಾವ? ನನ್ನ ಫ್ಲೈಟ್ ಮಾರನೇ ಬೆಳಿಗ್ಗೆ ಇಳಿಯೋದಿತ್ತು.

ಶೋಭನಾ